ಸಾವಿರಕ್ಕೆ ಒಂದು ಸುಳ್ಳು ಕಡಿಮೆ

ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದು ಅಂತಾರೆ. ಆ ಲೆಕ್ಕದಲ್ಲಿ ಖಾಲಾ ಬಗ್ಗೆ ನಾನು ಬಾಯಿಗೆ ಬೀಗ ಹಾಕ್ಕೊಂಡು ಕೂಡಬೇಕಾಗುತ್ತೆ. ಯಾಕಂದ್ರೆ ಆಯಮ್ಮನಷ್ಟು ಸುಳ್ಳು ಹೇಳೋರನ್ನ ನಾನು ದಾವಣಗೆರೆಯಲ್ಲೂ ಕಂಡಿಲ್ಲ, ಹರಿಹರದಲ್ಲೂ ಕಂಡಿಲ್ಲ. ಹೋದ ತಿಂಗಳು ತೀರಿಕೊಂಡರು. ಸಕ್ಕರೆ ಕಾಯಿಲೆ. "ಸಿಹಿ ಮುಟ್ಟೇ ಇಲ್ಲ ಸಾಹೇಬ್ರೇ" ಅಂತ ಕೊನೇವರೆಗೂ ಡಾಕ್ಟರಿಗೆ ಹೇಳಿದ್ದೂ ಸುಳ್ಳೇ. ಬುರ್ಖಾದ ಜೇಬಲ್ಲಿ ಯಾವಾಗ್ಲೂ ಕಡ್ಲೆಮಿಠಾಯಿ ಇರ್ತಿತ್ತು, ನನಗೂ ಮುರಿದು ಕೊಡೋರು.

ಹೆಸರು ಬರೆಯಲ್ಲ. ಎರಡೂ ಊರಿಗೆ ಆಕೆ ಖಾಲಾ, ಅಂದ್ರೆ ತಾಯಿಯ ಅಕ್ಕನೋ ತಂಗಿನೋ. ಹಿಂದೂಗಳ ಮನೆಯವರೂ ಹಂಗೇ ಕರೀತಿದ್ರು. ಕೆಲಸ, ಗಂಡು-ಹೆಣ್ಣು ಕೂಡಿಸೋದು. ನನ್ನದು ದಾವಣಗೆರೆಯಲ್ಲಿ ಲಗ್ನಪತ್ರಿಕೆ ಅಚ್ಚು ಹಾಕೋ ಸಣ್ಣ ಪ್ರೆಸ್ಸು. ಆಕೆ ಬಿತ್ತಿದ್ದನ್ನ ನಾನು ಕೊಯ್ಯೋದು. ಹರಿಹರದಿಂದ ಬೆಳಿಗ್ಗೆ ಬಸ್ಸಿಗೆ ಬಂದು, ನನ್ನ ಪೇಪರ್ ಬಂಡಲ್ ಮೇಲೆ ಗದ್ದುಗೆ ಏರಿದಂಗೆ ಕೂತು, "ಏ ಪ್ರೆಸ್ಸಪ್ಪ, ಚಾ ತರ್ಸು" ಅಂದ್ರೆ ದಿನ ಶುರುವಾಯ್ತು ಅಂತ. ಹೆಂಗಸರಿಗೆ ಬಸ್ಸು ಪುಕ್ಕಟೆ ಆದಮೇಲಂತೂ ಆಕೆಯ ಸುಳ್ಳುಗಳಿಗೆ ಟಿಕೆಟ್ಟಿನ ತೊಂದರೆಯೂ ತಪ್ಪಿತು. ಮಾಯಕೊಂಡ, ಕೊಂಡಜ್ಜಿ ಅಂತ ಹಳ್ಳಿ ಹಳ್ಳಿಗೂ ಹೋಗಿ ಹೇಳಿ ಬರೋರು.

ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅಂತ ಗಾದೆ ಐತಲ್ಲ, ಅದನ್ನ ನಾವೆಲ್ಲ ಮಾತಿಗೆ ಹೇಳ್ತೀವಿ. ಖಾಲಾ ಅದನ್ನ ಕೆಲಸದ ನಿಯಮ ಅಂತ್ಲೇ ತಿಳ್ಕೊಂಡಿದ್ರು. ಬೋಳು ತಲೆ ಗಂಡಿಗೆ "ಹಣೆ ದೊಡ್ಡದು, ಅದೃಷ್ಟವಂತ" ಅನ್ನೋರು. ಎರಡು ಸಲ ಎಸ್ಸೆಸ್ಸೆಲ್ಸಿ ಫೇಲಾದ ಹುಡುಗಿ "ಓದ್ತಾ ಇದಾಳೆ". ನಿಜಲಿಂಗಪ್ಪ ಬಡಾವಣೆಯ ಒಂದು ದೊಡ್ಡ ಮನೇಲಿ ಅಡಿಗೆ ಮಾಡೋನ ಬಗ್ಗೆ "ಹುಡುಗ ಬಡಾವಣೇಲಿ ದೊಡ್ಡ ಮನೇಲಿ ಇದಾನೆ" ಅಂದಿದ್ರು. ಅದರಲ್ಲಿ ಸುಳ್ಳೆಲ್ಲೈತೆ ತೋರಿಸು ಅಂತ ನನ್ನ ಮೇಲೇ ಜಗಳಕ್ಕೆ ಬಂದ್ರು. ಆ ಮದುವೆ ಚೆನ್ನಾಗೇ ಐತೆ, ಬಿಡ್ರಿ. ಆ ಹೆಂಡತಿ ಈಗ ಗಂಡನ ಕೈ ಅಡಿಗೆ ಉಂಡು ಉಂಡು ಬಾಗಿಲು ತುಂಬ ಆಗಿದಾಳೆ.

ಇಂಥಾ ಖಾಲಾ ಒಂದು ವಿಷಯದಲ್ಲಿ ಮಾತ್ರ ಕಲ್ಲು. ಮಾತುಕತೆ ಮುಗಿದು, ಇನ್ನೇನು ದಿನ ಗೊತ್ತು ಮಾಡಬೇಕು ಅನ್ನೋವಾಗ ಎಲೆಅಡಿಕೆ ತಟ್ಟೆ ಪಕ್ಕಕ್ಕೆ ಸರಿಸಿ, "ಹುಡುಗ ಹುಡುಗಿ ಇಬ್ರೂ ಸರ್ಕಾರಿ ಆಸ್ಪತ್ರೆಗೆ ಹೋಗಿ ಎಚ್‌ಐವಿ ರಕ್ತ ಪರೀಕ್ಷೆ ಮಾಡಿಸ್ಕೊಂಡು ಬರ್ರಿ. ಪುಕ್ಕಟೆ ಐತೆ, ಗುಟ್ಟಾಗಿ ಮಾಡ್ತಾರೆ. ಚೀಟಿ ನನಗೆ ತೋರಿಸ್ಬ್ಯಾಡ್ರಿ, ನಿಮ್ಮಪ್ಪ ಅಮ್ಮಗೂ ಬ್ಯಾಡ. ನೀವಿಬ್ರು ಒಬ್ರಿಗೊಬ್ರು ತೋರಿಸ್ಕೊಳ್ರಿ. ಆಮೇಲೆ ತಾರೀಖು" ಅನ್ನೋರು.

ಮನೆಯಲ್ಲಿ ಬಾಂಬು ಬಿದ್ದಂಗಾಗೋದು. "ಏನ್ ಖಾಲಾ, ನಮ್ಮ ಹುಡುಗನ ಮ್ಯಾಲೆ ಅನುಮಾನನಾ?" ಅಂತ ಅಪ್ಪ ಮೀಸೆ ಕುಣಿಸೋನು. "ಅನುಮಾನ ಅಲ್ರಿ ಯಜಮಾನ್ರೇ, ಎಮ್ಮೆ ತರೋವಾಗ ಹಲ್ಲು ನೋಡ್ತೀರೋ ಇಲ್ಲೋ? ನೋಡಿದ್ರೆ ಎಮ್ಮೆ ಬೇಜಾರು ಮಾಡ್ಕೊಳ್ತದಾ?" ಅನ್ನೋರು ಖಾಲಾ. ಎಷ್ಟೋ ಸಂಬಂಧ ಹಿಂಗೇ ಮುರಿದು ಬಿದ್ದವು. ನನ್ನ ಕಾರ್ಡುಗಳೂ ಹೋದವು. ಹೊಟ್ಟೆ ಉರೀತಿತ್ತು ನನಗೆ.

ಒಪ್ಪಿದವರ ಕಥೆ ಇನ್ನೂ ಚಂದ. ಒಂದು ಹಳ್ಳಿಯವರು ಎರಡೂ ಚೀಟಿಗೆ ಅರಿಷಿಣ ಕುಂಕುಮ ಹಚ್ಚಿ ದೇವರ ಮುಂದಿಟ್ಟು, ಆಮೇಲೆ ಜಾತಕದ ಜತೆ ಜೋಯಿಸರ ಹತ್ರ ಒಯ್ದರು. ಜೋಯಿಸರೂ ಜೋಯಿಸರೇ, ಸೋಲಲಿಲ್ಲ. ಜತೆಗೇ ನೋಡಿ ಚೀಟಿಯಲ್ಲಿ ಬರೆದಿದ್ದ ಹೀಮೋಗ್ಲೋಬಿನ್ನು ಕೂಡಿಸಿ, ಕಳೆದು, "ಹೆಣ್ಣಿಗೆ ರಕ್ತಬಲ ಕಡಿಮೆ, ಮಂಗಳವಾರ ಉಪವಾಸ ಮಾಡ್ಲಿ" ಅಂದ್ರಂತೆ. ರಕ್ತ ಕಡಿಮೆ ಇರೋಳಿಗೆ ಉಪವಾಸ. ಖಾಲಾ ಬಸ್ಸು ಹತ್ತಿ ಹೋಗಿ ಆ ಹುಡುಗಿಗೆ ನುಗ್ಗೆಸೊಪ್ಪು ತಿನ್ನು ಅಂತ ಹೇಳಿ ಬಂದ್ರು.

ಇನ್ನೊಬ್ಬ ಗಂಡು, ಸೂಜಿಗೆ ಹೆದರಿ ತಮ್ಮನ್ನ ಕಳಿಸಿದ್ದ. ಖಾಲಾ ಅಂಗಡಿ ಮುಂದೆ ನಿಲ್ಲಿಸಿ, "ಎಲ್ಲಿ, ತೋಳು ತೋರ್ಸು" ಅಂದ್ರು. ಚುಚ್ಚಿದ ಗುರುತಿಲ್ಲ. "ನಾಳೆ ಶೋಬನಕ್ಕೂ ತಮ್ಮನ್ನೇ ಕಳಿಸ್ತೀಯೇನು?" ಅಂತ ಬೀದಿಯಲ್ಲೇ ಕೇಳಿಬಿಟ್ರು. ಅವನು ಅವತ್ತೇ ಹೋಗಿ ರಕ್ತ ಕೊಟ್ಟ. ಮದುವೆಗೆ ಮುಂಚೆ ಗೆಳೆಯರ ಜತೆ ಗೋವಾಕ್ಕೆ ಹೋಗಿ, ವಾಪಸ್ ಬಂದ ವಾರಕ್ಕೆ ಚೀಟಿ ಹಿಡ್ಕೊಂಡು ಬಂದ ಒಬ್ಬನಿಗೆ, "ಅಲ್ಲಿ ಏನ್ ಮಾಡಿದ್ಯೋ ನಂಗೆ ಹೇಳಬ್ಯಾಡ. ಮಾಡಿದ್ರೆ ಮಾತ್ರ ಮೂರು ತಿಂಗಳು ಬಿಟ್ಟು ಇನ್ನೊಂದು ಸಲ ಮಾಡಿಸು. ಈ ಕಾಯಿಲೆ ಹೊಸದಾಗಿ ಬಂದಾಗ ಪರೀಕ್ಷೇಲಿ ಕಾಣ್ದಂಗೆ ಅಡಗಿ ಕೂತಿರ್ತದೆ" ಅಂದ್ರು. ಹುಡುಗ ನನ್ನ ಮುಖ ನೋಡಿದ. ನಾನು ಇಂಕು ನೋಡಿದೆ. ಮದುವೆ ಮೂರು ತಿಂಗಳು ಮುಂದಕ್ಕೆ ಹೋಯ್ತು, ಮನೆಯವರಿಗೆ ಹೇಳಿದ್ದು ಶುಕ್ರ ಅಸ್ತ ಅಂತ. ಆ ಸುಳ್ಳೂ ಖಾಲಾದೇ.

ಈ ಹಟ ಯಾಕೆ ಅಂತ ಒಂದ್ಸಲ ಕೇಳಿದ್ದೆ. ಬಹಳ ಹಿಂದೆ ಆಕೆ ಮಾಡಿಸಿದ ಒಂದು ಮದುವೆ. ಗಂಡಿಗೆ ಕಾಯಿಲೆ ಇದ್ದದ್ದು ಅವನಿಗೂ ಗೊತ್ತಿತ್ತು, ಅವನ ಮನೆಯವರಿಗೂ ಗೊತ್ತಿತ್ತು. ಮುಚ್ಚಿಟ್ಟಿದ್ರು. ವರ್ಷದೊಳಗೆ ಹುಡುಗಿಗೂ ಬಂತು. ಆ ಹುಡುಗಿ ಒಂದಿನ ಖಾಲಾ ಬಾಗಿಲಿಗೆ ಬಂದು ನಿಂತಳು. ಬೈಲಿಲ್ಲ, ಅಳಲಿಲ್ಲ. "ಖಾಲಾ, ನಿಮಗೆ ಗೊತ್ತಿತ್ತಾ?" ಅಂತ ಕೇಳಿದಳು, ಅಷ್ಟೇ.

"ನಂಗೆ ಗೊತ್ತಿರ್ಲಿಲ್ಲ, ಅಲ್ಲಾ ಕಸಮ್" ಅಂದ್ರಂತೆ ಖಾಲಾ. ಹುಡುಗಿ ನಂಬಲಿಲ್ಲ, ಹೊರಟುಹೋದಳು. "ಜಿಂದಗೀಲಿ ಅವತ್ತು ಒಂದು ನಿಜ ಹೇಳಿದೆ ಪ್ರೆಸ್ಸಪ್ಪ. ನನ್ನ ಬಾಯಾಗಿಂದ ಬಂತಲ್ಲ, ಯಾರು ನಂಬ್ತಾರೆ?" ಅಂದು ಚಹಾದ ಲೋಟ ನೋಡ್ತಾ ಕೂತ್ರು. ಆಮೇಲೆ ತಾವೇ ತಲೆ ಎತ್ತಿ, "ಅದಕ್ಕೇ ಒಂಬೈನೂರ ತೊಂಬತ್ತೊಂಬತ್ತಕ್ಕೆ ನಿಲ್ಲಿಸ್ತೀನಿ. ಒಂದು ಮಾತ್ರ ಕಮ್ಮಿ" ಅಂದ್ರು.

ಈಗ ಹರಿಹರದ ಇನ್ನೊಬ್ಬ ಹುಡುಗಿಯ ವಿಷಯಕ್ಕೆ ಬರ್ತೀನಿ. ಹರಿಹರ ಅಂತ ಬರೀತಿದೀನಿ, ಅಲ್ಲದೆಯೂ ಇರಬಹುದು. ಖಾಲಾ ಜತೆ ಇಷ್ಟು ವರ್ಷ ಇದ್ದು ಅಷ್ಟೂ ಕಲಿಯದಿದ್ರೆ ಹೆಂಗೆ? ಹುಡುಗಿ ಹುಟ್ಟುವಾಗಲೇ ತಾಯಿಯಿಂದ ಸೋಂಕು ಬಂದಿತ್ತು. ತಾಯಿ ತಂದೆ ಇಬ್ಬರೂ ಇಲ್ಲ. ಚಿಕ್ಕಪ್ಪ, ಅವಳ ಮಾತಲ್ಲಿ ಚಾಚಾ, ಸಾಕಿದ್ದ. ಚಿಕ್ಕಂದಿನಿಂದ ದಿನಾ ಮಾತ್ರೆ ನುಂಗಿ ಗಟ್ಟಿಮುಟ್ಟಾಗಿ ಬೆಳೆದಿದ್ಲು, ಹೊಲಿಗೆ ಕೆಲಸ ಮಾಡ್ತಿದ್ಲು, ನಗಿಸಿದ್ರೆ ನಿಲ್ಲಿಸೋದು ಗೊತ್ತಿರ್ಲಿಲ್ಲ. ಇದೆಲ್ಲ ಖಾಲಾಗೆ ಗೊತ್ತಾಗಿದ್ದು ಅವಳೇ ಹೇಳಿದ್ದರಿಂದ. ಖಾಲಾ ಅವಳಿಗೆ ದಾವಣಗೆರೆಯ ಒಬ್ಬ ಹುಡುಗನ್ನ ತೋರಿಸಿದ್ರು. ಟ್ರ್ಯಾಕ್ಟರ್ ಟ್ರಾಲಿ ವೆಲ್ಡಿಂಗ್ ಮಾಡೋನು, ತಾಯಿ ಒಬ್ಬಳೇ. ಇಬ್ಬರಿಗೂ ಮನಸ್ಸಾಯ್ತು.

ಚಾಚಾ ಕೆಟ್ಟವನಲ್ಲ, ಹೆದರಿದವನು. "ಖಾಲಾ, ಕೈ ಮುಗೀತೀನಿ. ಮಾತ್ರೆ ಥೈರಾಯ್ಡ್‌ಗೆ ಅಂತ ಹೇಳಿಬಿಡ್ರಿ. ಎಷ್ಟು ಸುಳ್ಳು ಹೇಳಿಲ್ಲ ನೀವು, ಇದೊಂದು ಭಾರನಾ?" ಅಂದನಂತೆ.

"ಹುಡುಗನಿಗೆ ನಾನು ಹೇಳಲ್ಲ. ಅದು ಅವಳ ದೇಹದ ಮಾತು, ಅವಳ ಬಾಯಿಂದ್ಲೇ ಬರಬೇಕು. ಬರೋವರೆಗೂ ನಾನು ತಾರೀಖು ಹಿಡಿಯಲ್ಲ" ಅಂದ್ರು ಖಾಲಾ.

ಚಾಚಾ ಏನು ಮಾಡಿದ ಗೊತ್ತಾ, ಖಾಲಾನ್ನ ಪಕ್ಕಕ್ಕಿಟ್ಟು ಹುಡುಗನ ತಾಯಿ ಹತ್ರ ತಾನೇ ಹೋಗಿ ತಾರೀಖು ಗೊತ್ತು ಮಾಡ್ಕೊಂಡು, ಸೀದಾ ನನ್ನ ಪ್ರೆಸ್ಸಿಗೆ ಬಂದು ಕಾರ್ಡಿಗೆ ಆರ್ಡರ್ ಕೊಟ್ಟ. ನನಗೇನು ಗೊತ್ತು, ಖುಷಿಯಾಗಿ ಪ್ರೂಫ್ ತೆಗೆದು ದಾರಕ್ಕೆ ನೇತು ಹಾಕಿದ್ದೆ. ಮಾರನೇ ದಿನ ಖಾಲಾ ಬಂದು ಕೂತವರು ಅದನ್ನ ಓದಿದ್ರು. ಎದ್ದು ನಿಂತ್ರು.

"ನಿನ್ನ ಮಿಷನ್ನು ಕೆಟ್ಟೈತೆ" ಅಂದ್ರು.

"ಇಲ್ಲಲ್ಲ ಖಾಲಾ, ಓಡ್ತಾ ಐತೆ."

"ಕೆಟ್ಟೈತೆ ಅಂದೆ. ನಾನು ಹೇಳೋವರೆಗೂ ರಿಪೇರಿ ಆಗಲ್ಲ."

ಯಾಕೆ ಅಂತ ಕೇಳಿದ್ರೆ ಹೇಳಲಿಲ್ಲ. ಆ ಹುಡುಗಿಯ ಗುಟ್ಟು ಅವತ್ತು ನನಗೂ ಬಿಟ್ಟುಕೊಡಲಿಲ್ಲ ಅನ್ನೋದನ್ನ ಈಗ ನೆನೆಸಿದ್ರೆ ಹೆಮ್ಮೆ ಅನ್ನಿಸುತ್ತೆ. ಅವತ್ತು ಮಾತ್ರ ಸಿಟ್ಟು ಬಂದಿತ್ತು. ಚಾಚಾ ದಿನಾ ಫೋನು ಮಾಡೋನು. ಒಂದಿನ ರೋಲರ್ ಸವೆದಿದೆ ಅಂದೆ. ಇನ್ನೊಂದಿನ ಬಂಗಾರದ ಬಣ್ಣದ ಇಂಕು ಬಂದಿಲ್ಲ ಅಂದೆ. ಮಿಸ್ತ್ರಿಯ ಅತ್ತೆ ಹುಬ್ಬಳ್ಳಿಯಲ್ಲಿ ತೀರ್ಕೊಂಡಳು ಅಂತಲೂ ಹೇಳಿದೆ. ಮಿಸ್ತ್ರಿಗೆ ಮದುವೆಯೇ ಆಗಿಲ್ಲ. ಬೇರೆ ಪ್ರೆಸ್ಸಿಗೆ ಹೋಗ್ತೀನಿ ಅಂದಾಗ, ಹೋಗ್ರಿ, ಆದ್ರೆ ಈ ಡಿಸೈನು ಎಲ್ಲೂ ಸಿಗಲ್ಲ ಅಂದೆ. ಪೇಟೆಯಲ್ಲಿ ಎಲ್ಲರ ಹತ್ರಾನೂ ಇರೋ ಡಿಸೈನು ಅದು. ಖಾಲಾ ಪಕ್ಕದಲ್ಲಿ ಕೂತು ಕಡ್ಲೆಮಿಠಾಯಿ ಕಡೀತಾ, "ಪರವಾಗಿಲ್ಲ, ಕಲೀತಾ ಇದೀಯ" ಅನ್ನೋರು.

ಆಮೇಲೊಂದು ಮಧ್ಯಾಹ್ನ ಹುಡುಗಿಯನ್ನೂ ಹುಡುಗನ್ನೂ ಕರ್ಕೊಂಡು ಬಂದ್ರು. ಕಾರ್ಡಿನಲ್ಲಿ ಹೆಸರು ಸರಿ ಐತಾ ನೋಡೋಕೆ ಅಂತ ನೆಪ. ಇಬ್ಬರನ್ನೂ ಒಳಕೋಣೆಗೆ ಕಳಿಸಿ, ನನ್ನ ಕಡೆ ತಿರುಗಿ "ಈಗ ಮಿಷನ್ ಹಚ್ಚು" ಅಂದ್ರು. ಪೇಪರ್ ಹಾಕದೇ ಖಾಲಿ ಮಿಷನ್ನು ಓಡಿಸಿದೆ. ಬೀದಿಗಾಗ್ಲಿ ನಮಗಾಗ್ಲಿ ಒಳಗಿನ ಒಂದು ಮಾತೂ ಕೇಳಲಿಲ್ಲ. ಬಾಗಿಲು ಅರ್ಧ ತೆರೆದಿತ್ತು, ಹುಡುಗಿಯ ಬೆನ್ನು ಕಾಣ್ತಿತ್ತು. ಸೆಟೆದು ನಿಂತಿದ್ಲು. ಖಾಲಾ ಜಪದ ತಸ್ಬಿ ಮಣಿ ಎಣಿಸ್ತಿದ್ರು.

ಹುಡುಗ ಹೊರಗೆ ಬಂದ. ಮುಖದಲ್ಲಿ ರಕ್ತ ಇರಲಿಲ್ಲ. "ಹೆಸರೆಲ್ಲ ಸರಿ ಐತೆ ಅಣ್ಣಾ" ಅಂತ ನನಗೆ ಹೇಳಿ, ಗಾಡಿ ಹತ್ತಿ ಹೋಗಿಬಿಟ್ಟ. ಹುಡುಗಿ ಬಂದು ಬಂಡಲ್ ಮೇಲೆ ಕೂತಳು. ಖಾಲಾ ತಾವು ಅರ್ಧ ಕುಡಿದ ಚಹಾ ಅವಳ ಕೈಗೆ ಕೊಟ್ಟರು. ಅವಳು ಒಂದು ಗುಟುಕು ಕುಡಿದು ವಾಪಸ್ ಕೊಟ್ಟಳು. ಖಾಲಾ ಮಿಕ್ಕಿದ್ದನ್ನ ಮುಗಿಸಿದ್ರು. ಆಮೇಲೆ ಹುಡುಗಿಯೇ ನನ್ನನ್ನ ನೋಡಿ, "ಅಣ್ಣಾ, ನಿಮ್ಮ ಮಿಷನ್ನಿಗೆ ಅಷ್ಟು ಕಷ್ಟ ಕೊಟ್ಟೆ, ನಿಮಗೂ ಹೇಳಿಬಿಡ್ತೀನಿ" ಅಂತ ಎಲ್ಲಾ ಹೇಳಿದ್ಲು. ನಾನು ಮಿಷನ್ನು ಒರೆಸೋಕೆ ಶುರು ಮಾಡಿದೆ.

ಹುಡುಗ ಒಂದು ವಾರ ಪತ್ತೆಯಿಲ್ಲ. ಚಾಚಾ ಫೋನು ಮಾಡಿ ಖಾಲಾಗೆ ಬಾಯಿಗೆ ಬಂದಂಗೆ ಬೈದ. ಹುಡುಗಿಯ ಬದುಕು ಹಾಳು ಮಾಡಿದೆ ಅಂದ. ಬೈಗುಳಕ್ಕೆ ಉತ್ತರ ಕೊಡದ ಖಾಲಾ ನನಗೆ ಪೂರಾ ಹೊಸಬರು.

ಆಮೇಲೆ ಹುಡುಗ ಬಂದ, ನನ್ನ ಅಂಗಡಿಗೇ. ಖಾಲಾ ಎದುರಿಗೆ ಕೂತು ನೆಲ ನೋಡ್ತಾ, "ಖಾಲಾ, ಕೇಳೋದು ಬಾಳ ಐತೆ" ಅಂದ. "ನನ್ನ ಕೇಳಬ್ಯಾಡ. ನಂಗೆ ಸುಳ್ಳು ಹೇಳೋ ಚಟ ಐತೆ, ಆಸ್ಪತ್ರೇಲಿ ಕೇಳು" ಅಂತ ಎಳ್ಕೊಂಡು ಹೋದ್ರು. ಅಲ್ಲಿ ಆಪ್ತಸಮಾಲೋಚಕಿ ಅಂತ ಒಬ್ಬ ಮೇಡಮ್ಮು. ಹುಡುಗ ಬೆವರು ಒರೆಸ್ಕೊಳ್ತಾ ಕೇಳಿದ್ದನ್ನೂ ಆಯಮ್ಮ ಹೇಳಿದ್ದನ್ನೂ ಖಾಲಾ ವಾಪಸ್ ಬಂದು ನನಗೆ ಅಭಿನಯ ಮಾಡಿ ತೋರಿಸಿದ್ರು.

ಒಂದೇ ತಟ್ಟೇಲಿ ಉಂಡ್ರೆ? ಬರಲ್ಲ. ಸೊಳ್ಳೆ ಅವಳಿಗೆ ಕಚ್ಚಿ ನನಗೆ ಕಚ್ಚಿದ್ರೆ? ಬರಲ್ಲ. ಒಂದೇ ಪಾಯಖಾನೆ? ಬರಲ್ಲ. ಮುತ್ತು ಕೊಟ್ರೆ? "ಅದನ್ನ ಕೇಳೋವಾಗ ನನ್ನ ಕಡೆ ನೋಡಿದ ಮುಂಡೇದು, ನಾನೇ ಕೊಡೋ ಹಂಗೆ" ಅಂದ್ರು ಖಾಲಾ. ಅದಕ್ಕೂ ಬರಲ್ಲ. ಬರೋದು ಕಾಂಡೋಮ್ ಇಲ್ಲದ ಸಂಗದಿಂದ, ಸೋಂಕಿನ ರಕ್ತದಿಂದ, ಒಬ್ಬರು ಚುಚ್ಚಿಕೊಂಡ ಸೂಜಿ ಇನ್ನೊಬ್ಬರು ಚುಚ್ಚಿಕೊಂಡ್ರೆ, ಔಷಧಿ ಇಲ್ಲದ ತಾಯಿಯಿಂದ ಮಗುವಿಗೆ. ಹುಡುಗಿಯ ಒಪ್ಪಿಗೆ ಫೋನಲ್ಲಿ ಕೇಳಿ ಮೇಡಮ್ಮು ಹೇಳಿದ್ದು, ಅವಳು ಒಂದು ದಿನವೂ ತಪ್ಪಿಸದೆ ಮಾತ್ರೆ ತಗೊಂಡಿದ್ದಕ್ಕೆ ಅವಳ ರಕ್ತದಲ್ಲಿ ವೈರಸ್ಸು ಪರೀಕ್ಷೆಗೂ ಸಿಗದಷ್ಟು ಇಳಿದುಹೋಗಿದೆ. ಹಂಗೇ ಇರೋವರೆಗೆ ಗಂಡನಿಗೆ ಹಾಸಿಗೆಯಲ್ಲಿ ದಾಟಲ್ಲ. ಧೈರ್ಯ ಸಾಲದಿದ್ರೆ ಕಾಂಡೋಮ್ ಐತೆ. ಅವಳಿಗೆ ಪರೀಕ್ಷೆ ತಪ್ಪಬಾರದು, ಮಾತ್ರೆ ತಪ್ಪಬಾರದು, ನೀನೂ ಆಗಾಗ ರಕ್ತ ತೋರಿಸ್ತಿರು. ಮಗು? ಆಗ್ತದೆ. ಔಷಧಿ ಸರಿಯಾಗಿ ನಡೆದ್ರೆ ಹೆಚ್ಚೂಕಡಿಮೆ ಎಲ್ಲ ಮಕ್ಕಳೂ ಸೋಂಕಿಲ್ಲದೇ ಹುಟ್ತಾವೆ.

ಮಾರನೇ ದಿನ ಹುಡುಗ ನನ್ನ ಹತ್ರ ಬಂದು, "ಅಣ್ಣಾ, ಮಿಷನ್ ರಿಪೇರಿ ಆತಾ?" ಅಂತ ಕೇಳಿದ. ನಾನು ಅವನ ಮುಖವನ್ನೇ ನೋಡಿದೆ. "ಆಕಿ ಹೇಳದೇ ಇದ್ದಿದ್ರೆ ನಂಗೆ ಗೊತ್ತೇ ಆಗ್ತಿರ್ಲಿಲ್ಲ. ಇದನ್ನೇ ಹೇಳಿದಾಕಿ ಇನ್ನೇನು ಮುಚ್ಚಿಡ್ತಾಳೆ ಬಿಡ್ರಿ. ಕಾರ್ಡು ಹೊಡೀರಿ" ಅಂದ.

ನಿಜ ಹೇಳಬೇಕಾದ್ದು ಹಾಸಿಗೆ ಹಂಚಿಕೊಳ್ಳೋನಿಗೆ. ಅವನಿಗೆ ಹೇಳಿದ ಮೇಲೆ ಮಿಕ್ಕ ಊರಿಗೆ ಏನು ಹೇಳಿದ್ರೂ ನಡೀತದೆ ಅನ್ನೋದು ಖಾಲಾ ಧರ್ಮ. ಹುಡುಗನ ತಾಯಿ ಮದುವೆಗೆ ಮುಂಚೆ ಕಾರ್ಡು ತಗೊಳ್ಳೋಕೆ ಪ್ರೆಸ್ಸಿಗೆ ಬಂದು, "ಹುಡುಗಿ ದಿನಾ ಅದೇನೋ ಮಾತ್ರೆ ತಗೋತಾಳಂತಲ್ಲ?" ಅಂತ ಕೇಳಿದಾಗ, ಖಾಲಾ ರೆಪ್ಪೆ ಬಡೀದೇ "ಥೈರಾಯ್ಡ್" ಅಂದ್ರು. ಯಾವ ಸುಳ್ಳಿಗೆ ಒಲ್ಲೆ ಅಂತ ಚಾಚಾನ ಜತೆ ಅಷ್ಟು ಜಗಳ ಆಡಿದ್ರೋ ಅದೇ ಸುಳ್ಳು.

ಆಯಮ್ಮ ಆಚೆ ಹೋದಮೇಲೆ, "ಥೈರಾಯ್ಡ್ ಬಾಳ ಒಳ್ಳೇ ಕಾಯಿಲೆ ಪ್ರೆಸ್ಸಪ್ಪ. ಮನೆಗೊಬ್ರಿಗೆ ಇರ್ತದೆ, ಯಾರೂ ಮುಂದಕ್ಕೆ ಕೇಳಲ್ಲ" ಅಂದ್ರು. ಮದುವೆ ಆಯ್ತು. ಕಾರ್ಡು ಚೆನ್ನಾಗಿ ಬಂದಿತ್ತು. ಹೆಣ್ಣುಮಗು ಹುಟ್ಟಿತು. ಮಗುವಿಗೆ ಆಸ್ಪತ್ರೆಯವರು ಹೇಳಿದಷ್ಟು ದಿನ ಔಷಧಿ ಕುಡಿಸಿ, ಒಂದೂವರೆ ವರ್ಷಕ್ಕೆ ಕೊನೇ ಪರೀಕ್ಷೆ ಮಾಡಿಸಿದ್ರು. ಮಗುವಿಗೆ ಏನೂ ಇಲ್ಲ. ಖಾಲಾ ಅವತ್ತು ನನಗೆ ಇಡೀ ಕಡ್ಲೆಮಿಠಾಯಿ ಕೊಟ್ಟರು, ಮುರಿಯದೆ.

ಖಾಲಾ ಮಣ್ಣಾದ ಮೂರನೇ ದಿನ ಜಿಯಾರತ್ತಿನ ಪ್ರಾರ್ಥನೆಗೆ ಹರಿಹರಕ್ಕೆ ಹೋಗಿದ್ದೆ. ಮನೆ ಮುಂದೆ ಶಾಮಿಯಾನ. ನೂರಾರು ಗಂಡ-ಹೆಂಡಿರು. ಎಲ್ಲರೂ ಆಕೆಯ ಸುಳ್ಳಿನ ಫಲಗಳೇ. ಅಡಿಗೆಯವನೂ ಬಂದಿದ್ದ, ಗೋವಾದವನೂ ಬಂದಿದ್ದ. ಹುಡುಗಿ ಒಳಗೆ ಹೆಂಗಸರ ನಡುವೆ ಕೂತು ಅಳ್ತಿದ್ಲು. ಅವಳ ಅತ್ತೆ ಮೊಮ್ಮಗಳನ್ನ ಸೊಂಟಕ್ಕೆ ಏರಿಸ್ಕೊಂಡು ನನ್ನ ಹತ್ರ ಬಂದು ಕುರ್ಚಿ ಎಳ್ಕೊಂಡು ಕೂತರು.

"ಪ್ರೆಸ್ಸಣ್ಣಾ, ನಿಮ್ಮ ಮಿಷನ್ನು ಹೆಂಗೈತೆ? ನಮ್ಮ ಹುಡುಗನ ಮದುವೇಲಿ ಬಾಳ ದಿನ ಕೆಟ್ಟಿತ್ತಲ್ಲ" ಅಂದ್ರು.

"ಈಗ ಚೆನ್ನಾಗೈತಮ್ಮ" ಅಂದೆ.

ಆಯಮ್ಮ ಸುತ್ತ ಒಂದ್ಸಲ ನೋಡಿ ದನಿ ಇಳಿಸಿದ್ರು. "ಖಾಲಾ ಅಷ್ಟು ದೊಡ್ಡ ಸುಳ್ಳುಗಾರ್ತಿ, ಈ ಒಂದು ಸುಳ್ಳು ಕಟ್ಟೋಕೆ ಮಾತ್ರ ಬರ್ಲಿಲ್ಲ ನೋಡ್ರಿ. ಥೈರಾಯ್ಡ್ ಮಾತ್ರೆ ಬೆಳಿಗ್ಗೆ ಎದ್ದು ಖಾಲಿ ಹೊಟ್ಟೇಲಿ ನುಂಗ್ತಾರೆ. ಇವ್ಳು ಊಟ ಆದಮೇಲೆ ಮಲಗೋವಾಗ ನುಂಗ್ತಾಳೆ. ಡಬ್ಬಿ ಮ್ಯಾಲಿನ ಚೀಟಿ ಬೇರೆ ಕಿತ್ತಿರ್ತಾಳೆ. ಥೈರಾಯ್ಡ್ ಡಬ್ಬಿ ಚೀಟಿ ಯಾರು ಕೀಳ್ತಾರಣ್ಣಾ? ನಂಗೂ ಥೈರಾಯ್ಡ್ ಐತೆ, ಹತ್ತು ವರ್ಷದಿಂದ."

ನಾನು ಕುರ್ಚಿ ಇನ್ನಷ್ಟು ಹತ್ರ ಎಳ್ಕೊಂಡೆ.

"ಮಾತ್ರೆ ಮ್ಯಾಲಿನ ಅಕ್ಷರ ಮೊಬೈಲಾಗೆ ಹಾಕಿ ನೋಡಿದೆ. ಮೊದಲು ಹೆದರಿದೆ, ಸುಳ್ಳು ಯಾಕೆ ಹೇಳ್ಲಿ. ಅವಳ ಲೋಟ ಬೇರೆ ಇಟ್ಟೆ. ಆಮ್ಯಾಲೆ ಆಸ್ಪತ್ರೆಗೆ ಹೋಗಿ, ನಮ್ಮ ಓಣೀಲಿ ಯಾರಿಗೋ ಐತೆ ಅಂತ ಹೇಳಿ ಎಲ್ಲಾ ಕೇಳ್ಕೊಂಡು ಬಂದೆ. ಬಂದು ಲೋಟ ಎತ್ತಿ ಎಲ್ಲಾದ್ರ ಜತೆ ಇಟ್ಟೆ. ಅವಳಿಗೆ ಹೇಳ್ಲಿಲ್ಲ, ಮಗನಿಗೂ ಹೇಳ್ಲಿಲ್ಲ. ಖಾಲಾ ಬಂದಾಗೆಲ್ಲ 'ಸೊಸೆ ಥೈರಾಯ್ಡ್ ಹೆಂಗೈತೆ?' ಅಂತ ಕೇಳೋಳು. 'ಕಮ್ಮಿ ಆಗೈತೆ ಖಾಲಾ' ಅನ್ನೋಳು ನಾನು. ಪಾಪ, ತನ್ನ ಸುಳ್ಳು ನಿಂತೈತೆ ಅಂತ ಎಷ್ಟು ಖುಷಿ ಖಾಲಾಗೆ."

ಆಯಮ್ಮ ದುಪಟ್ಟಾದ ತುದಿಯಿಂದ ಕಣ್ಣು ಒರೆಸ್ಕೊಂಡರು. ನಾನೂ ಒರೆಸ್ಕೊಂಡೆ, ನಾಚಿಕೆ ಏನಿಲ್ಲ. ಅಷ್ಟರಲ್ಲಿ ಹುಡುಗಿ ಹೊರಗೆ ಬಂದಳು. ಅತ್ತು ಅತ್ತು ಮುಖ ಊದಿತ್ತು. ಅವತ್ತು ದಾವಣಗೆರೆಯ ಆಸ್ಪತ್ರೆಯಲ್ಲಿ ಮಾತ್ರೆ ಇಸ್ಕೊಳ್ಳೋ ದಿನವಂತೆ. ಹೋಗಲೋ ಬೇಡವೋ ಅಂತ ಬಾಗಿಲಲ್ಲೇ ನಿಂತಳು.

ಅತ್ತೆ ಮಗುವನ್ನ ಇನ್ನೊಂದು ಸೊಂಟಕ್ಕೆ ಬದಲಿಸಿದ್ರು. ಎಲ್ಲರಿಗೂ ಕೇಳೋ ಹಂಗೆ ಹೇಳಿದ್ರು:

"ಅತ್ತಿದ್ದು ಸಾಕು ಬೇಟಿ, ಮುಖ ತೊಳ್ಕೊ. ಮಗು ನನ್ನ ಹತ್ರ ಇರ್ಲಿ. ಹೋಗು, ನಿನ್ನ ಥೈರಾಯ್ಡ್ ಮಾತ್ರೆ ತಗೊಂಡು ಬಾ."